ಲೈವ್‌ನಲ್ಲಿ ಸಿಕ್ಕಿಬಿದ್ದ ಕಾರ್ಯದರ್ಶಿ

ಮದುವೆ ವಿಡಿಯೊ ತೆಗೆಯುವ ನನ್ನನ್ನು ಗುಂಡ್ಲುಪೇಟೆಯ ಫುಟ್‌ಬಾಲ್ ಕ್ಲಬ್ಬಿನವರು ಒಮ್ಮೆ ತಮ್ಮೂರ ಪಂದ್ಯವನ್ನು ಫೋನುಗಳಿಗೆ ಲೈವ್ ಕೊಡಲು ಕರೆದಿದ್ದರು. ಕಾರ್ಯದರ್ಶಿ ಮಾದಪ್ಪನವರಿಗೆ ಮಾತ್ರ ಅದು ಸುತರಾಂ ಇಷ್ಟವಿರಲಿಲ್ಲ.

"ಮನೇಲೇ ಕುಂತು ನೋಡೋ ಅಂಗಾದ್ರೆ ಗ್ರೌಂಡ್‌ಗೆ ಯಾರ್ ಬಂದಾರು ಸಾ? ದೂರ ಇರೋರು ನೋಡ್ಕಳ್ಳಿ. ಊರೋರ್ಗೆ ಕಾಣ್ದಂಗೆ ಮಾಡ್ಬುಡಿ."

ಹಾಗೆ ಮಾಡಲು ನನಗೆ ಬರುವುದಿಲ್ಲ ಎಂದೆ. ಗೊಣಗುತ್ತಲೇ ಒಪ್ಪಿದರು.

ಆಟದ ನಡುವೆ ಒಬ್ಬನ ಕಾಲು ಉಳುಕಿತು. ಬದಲಿ ಆಟಗಾರರು ಯಾರೂ ಇರಲಿಲ್ಲ. ಐವತ್ತು ದಾಟಿದ ಮಾದಪ್ಪನವರೇ ಪ್ಯಾಂಟು ಮಡಚಿಕೊಂಡು ಇಳಿದು ಚೆಂಡಿನ ಹಿಂದೆ ಓಡತೊಡಗಿದರು. ಹತ್ತು ನಿಮಿಷ ಆಗಿರಲಿಲ್ಲ, ಅವರ ಹೆಂಡತಿ ಕೈಯಲ್ಲಿ ಫೋನು ಹಿಡಿದೇ ಮೈದಾನಕ್ಕೆ ನುಗ್ಗಿದರು.

"ಎದೇಗೆ ಸ್ಟೆಂಟ್ ಆಕ್ಸಿ ಮೂರ್ ತಿಂಗ್ಳಾಗಿಲ್ಲ, ಓಡ್ತಿದ್ದೀರಾ? ಬನ್ನಿ ಈಚೆಗೆ!"

"ಮೆತ್ಗೆ ಕಣಮ್ಮಿ, ಲೈವ್ ಓಯ್ತಾ ಅದೆ!"

"ಓಗ್ಲಿ ಬುಡಿ. ಎಲ್ರೂ ನೋಡ್ಲಿ."

ಗಾಬರಿಯಲ್ಲಿ ಕ್ಯಾಮೆರಾವನ್ನು ಅವರಿಂದ ಆಚೆ ತಿರುಗಿಸುವುದೇ ನನಗೆ ಮರೆತುಹೋಗಿತ್ತು. ಮಾದಪ್ಪನವರು ತಲೆ ತಗ್ಗಿಸಿ ಹೊರಬಂದರು. ಆಕೆ ಅವರ ಪಕ್ಕದಲ್ಲೇ ಕಾವಲಿಗೆ ಕುಳಿತು ಕೊನೆಯವರೆಗೂ ಆಟ ನೋಡಿದರು. ಹತ್ತೇ ಜನ ಉಳಿದ ತಂಡ ಸೋತಿತು. ಆದರೆ ಫೋನಿನಲ್ಲಿ ನೋಡುತ್ತಿದ್ದವರು ಯಾರೂ ಸ್ಕೋರು ಕೇಳಲಿಲ್ಲ. ಕ್ಯಾಮೆರಾವನ್ನು ಗಂಡ ಹೆಂಡತಿ ಕೂತ ಕಡೆಗೆ ತಿರುಗಿಸಿ ಎಂದು ಒಬ್ಬರಾದ ಮೇಲೊಬ್ಬರು ಬರೆದು ಕಳಿಸುತ್ತಿದ್ದರು.