ಹೀಟರ್ ತಾನಾಗಿ ಬೀಳಲಿಲ್ಲ

ನನ್ನ ಅತ್ತಿಗೆ ಶಶಿಕಲಾ ಅವರ ಮುಖ ಸುಟ್ಟದ್ದು ಆಕಸ್ಮಿಕವಲ್ಲ. ಮೈಗೂದಲು ಕೀಳುವ ವ್ಯಾಕ್ಸನ್ನು, ಕುದಿಯುತ್ತಿದ್ದಂತೆಯೇ, ಅವರ ಮುಖಕ್ಕೆ ಸುರಿದವನು ನನ್ನ ಸ್ವಂತ ಅಣ್ಣ. ವ್ಯಾಕ್ಸ್ ಕಾಯಿಸುವ ಹೀಟರ್ ಅವರ ಕೈತಪ್ಪಿ ಬಿತ್ತೆಂದು ಡಾಕ್ಟರಿಗೆ, ಪೊಲೀಸರಿಗೆ, ನಿಮಗೆಲ್ಲ ಹೇಳಿದವಳು ನಾನು. ಇಷ್ಟೇ ಆಗಿದ್ದರೆ ಇದು ಒಂದು ಸುಳ್ಳಿನ ಕಥೆಯಾಗಿ ಮುಗಿಯುತ್ತಿತ್ತು. ಆದರೆ — ಎಲ್ಲಿಗೆ ಹೊಡೆದರೆ ಅವರು ಮತ್ತೆ ಏಳಲಾರರು ಎಂಬುದನ್ನು ಅಣ್ಣನಿಗೆ ಹೇಳಿಕೊಟ್ಟವಳೂ ನಾನೇ.

‘ನಿಮಗೆಲ್ಲ’ ಎಂದೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆ ಪಾರ್ಲರ್ ಆಗಿದ್ದಾಗ ಅಲ್ಲಿಗೆ ಬರುತ್ತಿದ್ದವರು ನೀವು. ಅತ್ತಿಗೆಯ ಎದುರು ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಕೊರಳು ಒಪ್ಪಿಸಿ ಕೂತವರು. ಈ ಬರಹ ನಿಮಗೆ. ಅತ್ತಿಗೆಯ ಕ್ಷಮೆ ಬೇರೆ ವಿಚಾರ — ಅದನ್ನು ಕೇಳುವ ಯೋಗ್ಯತೆ ನನಗಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಏನನ್ನು ನೋಡುತ್ತಿದ್ದಿರಿ, ನೆನಪಿದೆಯೇ? ಗೋಡೆಯ ಮೇಲಿನ ತರಬೇತಿಯ ಸರ್ಟಿಫಿಕೇಟನ್ನಲ್ಲ. ಅತ್ತಿಗೆಯ ಹುಬ್ಬನ್ನು. ಕೆನ್ನೆಯನ್ನು. ಅವರಿಗೂ ಅದು ಗೊತ್ತಿತ್ತು. ಮೈಯಲ್ಲಿ ಜ್ವರವಿದ್ದರೂ ಬಾಗಿಲು ತೆರೆಯುವ ಮುಂಚೆ ಕನ್ನಡಿ ಎದುರು ಕೂತು ಮುಖ ಸಿದ್ಧ ಮಾಡಿಕೊಳ್ಳುತ್ತಿದ್ದರು. ತಮ್ಮ ಹುಬ್ಬು ನೋಡಿಯೇ ಗಿರಾಕಿಗಳು ಅವರವರ ಹುಬ್ಬು ಒಪ್ಪಿಸುವುದು ಎನ್ನುತ್ತಿದ್ದರು.

ನೀವು ನೋಡದೆ ಉಳಿದದ್ದು ಅವರ ತುಂಬುತೋಳಿನ ರವಿಕೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲೂ ಮಣಿಕಟ್ಟಿನವರೆಗೆ ಇಳಿಬಿಟ್ಟ ತೋಳು. ಅಣ್ಣ ಮಂಜುನಾಥ ಮೋಟಾರ್ ರಿಪೇರಿ ಅಂಗಡಿಯವನು, ಬೀದಿಯಲ್ಲಿ ಸಿಕ್ಕವರಿಗೆಲ್ಲ ಮೊದಲು ತಾನೇ ಕೈಮುಗಿಯುವವನು. ಮನೆಯೊಳಗೆ ಅವನು ಹೆಂಡತಿಯನ್ನು ಬೆಲ್ಟಿನಿಂದ ಹೊಡೆದ. ವೈರಿನಿಂದ ಹೊಡೆದ. ಒಮ್ಮೆ ಅವರದೇ ಹೇರ್ ಡ್ರೈಯರ್ ಒಡೆದು ಚೂರಾಗುವ ತನಕ ಹೊಡೆದ. ಬೆನ್ನು, ತೋಳು, ತೊಡೆ. ಮುಖಕ್ಕೆ ಮಾತ್ರ ಇಲ್ಲ. ಮುಖದ ಬಾಸುಂಡೆ ಬೀದಿಗೆ ಕಾಣುತ್ತದೆ. ಪಕ್ಕದ ಕೋಣೆಯಲ್ಲಿ ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತಿರುತ್ತಿದ್ದೆ. ಅದರಲ್ಲಿ ಓಡುತ್ತಿದ್ದದ್ದು ಹಾಡಲ್ಲ, ನನ್ನದೇ ಭಾಷಣದ ರೆಕಾರ್ಡಿಂಗ್.

ಹೌದು, ಭಾಷಣ. ಆಗ ನಾನು ಪದವಿಯ ಕೊನೆಯ ವರ್ಷದಲ್ಲಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯ ಹುಡುಗಿ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ದೇವರಿಗೂ ಪುರಾವೆ ಕೇಳುವವಳು. ಹೆಣ್ಣಿನ ಮೇಲಿನ ದೌರ್ಜನ್ಯದ ಬಗ್ಗೆ ಮೇಜು ಕುಟ್ಟಿ ಮಾತಾಡಿ ಗೆದ್ದ ಕಪ್ ನಮ್ಮ ಶೋಕೇಸಿನಲ್ಲಿತ್ತು — ಅದೇ ಗೋಡೆಯ ಆಚೆ ಅತ್ತಿಗೆ ಬಾಯಿಗೆ ಸೆರಗು ತುರುಕಿಕೊಂಡು ಹೊಡೆತ ತಿನ್ನುತ್ತಿದ್ದರು. ನಾನು ಪುರಾವೆಯನ್ನು ಎಲ್ಲೆಲ್ಲೋ ಹುಡುಕುತ್ತಿದ್ದೆ.

ಆ ವರ್ಷದ ಸ್ಪರ್ಧೆಗೆ ಕೊಟ್ಟ ವಿಷಯ: ಸೌಂದರ್ಯವೃತ್ತಿಯಲ್ಲಿ ಕೌಶಲಕ್ಕಿಂತ ಸ್ವಂತ ರೂಪವೇ ಬಂಡವಾಳ. ನನಗೆ ‘ಪರ’ ಬಂದಿತ್ತು. ಸಂಜೆ ಹಾಲ್‌ನಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದೆ. ಅಣ್ಣ ಮಂಡಕ್ಕಿ ಮಿರ್ಚಿ ತಿನ್ನುತ್ತ ಎದುರು ಕೂತಿದ್ದ. ಉದಾಹರಣೆಗೆ ಮನೆಯವರೇ ಇರುವಾಗ ಬೇರೆಯವರು ಯಾಕೆ? ಅತ್ತಿಗೆಯನ್ನೇ ಎಳೆದುಕೊಂಡೆ. “ಬ್ಯೂಟಿಷಿಯನ್ನಿನ ಮುಖವೇ ಅವಳ ಅಂಗಡಿಯ ಬೋರ್ಡು. ಆ ಬೋರ್ಡು ಕೆಟ್ಟ ದಿನ, ಕೈ ಎಷ್ಟೇ ಚೆನ್ನಾಗಿರಲಿ, ಒಬ್ಬ ಗಿರಾಕಿಯೂ ಮೆಟ್ಟಿಲು ಹತ್ತುವುದಿಲ್ಲ.”

ಅಣ್ಣ ಜಗಿಯುವುದನ್ನು ನಿಲ್ಲಿಸಿದ. “ಇನ್ನೊಂದ್ಸಲ ಹೇಳು,” ಎಂದ.

ಮೆಚ್ಚಿದನೆಂದುಕೊಂಡೆ. ದನಿ ಏರಿಸಿ ಮತ್ತೆ ಹೇಳಿದೆ.

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. “ಬೋರ್ಡ್ ನೋಡಿ ಒಂದ್ಸಲ ಬರ್ತಾರೆ ಸುಮಾ,” ಎಂದರು. “ಎರಡನೇ ಸಲ ಬರಾದು ಕೈ ನೋಡಿ.” ರವಿಕೆಯ ತೋಳನ್ನು ತುಸು ಸರಿಸಿ ಎಡ ಮಣಿಕಟ್ಟಿನ ಒಳಬದಿ ತೋರಿಸಿದರು. ಅಲ್ಲಿ ಕಂದು ಕಲೆಗಳು. ವ್ಯಾಕ್ಸ್ ಯಾರ ಮೈಗೆ ಹಚ್ಚುವ ಮೊದಲೂ ಅವರು ಅಲ್ಲೊಂದು ತೊಟ್ಟು ಹಚ್ಚಿ ಬಿಸಿ ನೋಡಿಕೊಳ್ಳುತ್ತಿದ್ದರು. ನೀವೆಲ್ಲ ಕಂಡಿದ್ದೀರಿ. ನಾನು ನಕ್ಕು, ಇದು ಭಾವುಕತೆ ಅತ್ತಿಗೆ, ವಾದವಲ್ಲ ಎಂದೆ. ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು.

ಮದುವೆಗಳು ಶುರುವಾದವು. ಭಾನುವಳ್ಳಿಯ ಒಂದು ಹುಡುಗಿಗೆ ಮದುಮಗಳ ಅಲಂಕಾರ ಮಾಡಲು ಅತ್ತಿಗೆ ಒಪ್ಪಿಕೊಂಡಿದ್ದರು. ಮುಹೂರ್ತ ಬೆಳಗಿನ ಜಾವಕ್ಕೆ. ಹಿಂದಿನ ದಿನವೇ ಹೋಗಿ ಆ ಮನೆಯಲ್ಲಿ ಉಳಿಯಬೇಕು. ಅಣ್ಣ ಬೇಡ ಎಂದಿದ್ದ. ಅತ್ತಿಗೆ ಹೋಗುತ್ತೇನೆ ಎಂದಿದ್ದರು. ಭಾನುವಾರ ಮಧ್ಯಾಹ್ನ, ಕೊನೆಯ ಗಿರಾಕಿಯ ಕೈಗೆ ವ್ಯಾಕ್ಸ್ ಮಾಡಿ ಕಳಿಸಿ, ಹೀಟರ್ ಆರಿಸುವ ಮೊದಲು ಮೇಕಪ್ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರು. ಅಣ್ಣ ಒಳಗೆ ಬಂದು ಚಿಲಕ ಜಡಿದ.

ನಡುವಿನ ಬಾಗಿಲಿಗೆ ಪರದೆ ಮಾತ್ರ ಇತ್ತು. ನಾನು ನೋಡಿದೆ. ಜಡೆ ಹಿಡಿದು ಅವರನ್ನು ಕುರ್ಚಿಯಿಂದ ಎಳೆದು ನೆಲಕ್ಕೆ ಅಪ್ಪಳಿಸಿದ. ಬೆನ್ನಿಗೆ ಒದ್ದ. ಪೆಟ್ಟಿಗೆ ತೆರೆದು ಕಾಂಪ್ಯಾಕ್ಟು, ಬಾಟಲಿಗಳನ್ನೆಲ್ಲ ಗೋಡೆಗೆ ಎಸೆದ, ಗಾಜು ಸಿಡಿಯಿತು. ಮತ್ತೆ ಒದ್ದ. ಅವರು ಕೂಗಲಿಲ್ಲ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಒಂದೇ ಮಾತು ಹೇಳಿದರು. “ಮಾರಿಗೆ ಮಾತ್ರ ಬ್ಯಾಡ್ರಿ. ನಾಳೆ ಮದುವಿ ಐತೆ.”

ಅಣ್ಣನ ಕಾಲು ಅರ್ಧಕ್ಕೇ ನಿಂತಿತು. ಯಾರೋ ನೆನಪಿಸಿದಂತೆ ಅವನು ಹೀಟರಿನ ಕಡೆ ತಿರುಗಿದ; ಆರಿಸದೆ ಉಳಿದ ಅದರಲ್ಲಿ ವ್ಯಾಕ್ಸ್ ಕುದಿಯತೊಡಗಿತ್ತು. “ಹೌದಲ್ಲ. ಮಾರಿ ಬೋರ್ಡ್ ಅಲ್ಲೇನು,” ಎಂದ. “ಬೋರ್ಡ್ ಇಲ್ದೆ ಅಂಗಡಿ ನಡೆಸು, ನೋಡಾನ.”

ಅವನ ಬಾಯಲ್ಲಿ ನನ್ನ ವಾಕ್ಯ.

ಮೊಣಕಾಲು ಎದೆಗೆ ಊರಿ, ಮುಖದ ಮೇಲಿದ್ದ ಕೈಗಳನ್ನು ಒಂದೊಂದಾಗಿ ಕಿತ್ತು, ಸುರಿದ. ವ್ಯಾಕ್ಸ್ ನೀರಿನಂತೆ ಹರಿದುಹೋಗುವುದಿಲ್ಲ, ಬೆಲ್ಲದ ಪಾಕದಂತೆ ಹಿಡಿದು ಕೂರುತ್ತದೆ. ಆಗ ಅವರು ಕೂಗಿದರು. ಆ ಕೂಗು — ಇಲ್ಲ, ಅದನ್ನು ಚೆಂದವಾಗಿ ಬರೆಯಲು ನನ್ನಿಂದಾಗಬಾರದು. ಪರದೆ ನನ್ನ ಮುಷ್ಟಿಯಲ್ಲಿತ್ತು. ನನ್ನ ಮತ್ತು ಅವನ ನಡುವೆ ಒಂದು ಕುರ್ಚಿಯಷ್ಟು ದೂರ. ನಾನು ಕದಲಲಿಲ್ಲ.

ಅವ್ವ ಮಹಡಿಯಿಂದ ಓಡಿ ಬಂದಳು. ಆಸ್ಪತ್ರೆಯ ದಾರಿಯುದ್ದಕ್ಕೂ ನನ್ನ ಕಾಲು ಮುಟ್ಟಿ ಬೇಡಿಕೊಂಡಳು: ನಿಮ್ಮಣ್ಣ ಜೈಲಿಗೆ ಹೋಗ್ತಾನೆ, ನೀನು ಮಾತು ಬಲ್ಲಾಕಿ, ಏನಾರ ಹೇಳು. ತಪ್ಪನ್ನು ಅವ್ವನ ಮೇಲೆ ಹಾಕಿ ನಾನು ಪಾರಾಗಬಹುದು. ಆದರೆ ಅವಳು ಬೇಡುವ ಮೊದಲೇ ನನ್ನ ವಾಕ್ಯಗಳು ಸಿದ್ಧವಾಗಿದ್ದವು. ಅಣ್ಣನನ್ನು ಉಳಿಸಲೆಂದೂ ಅಲ್ಲ. ನಿಜ ಹೊರಬಿದ್ದರೆ ಆ ಬೋರ್ಡಿನ ಮಾತೂ ಹೊರಬೀಳುತ್ತಿತ್ತು. ಅದು ಯಾರ ಮಾತೆಂದು ಕಾಲೇಜಿಗೆಲ್ಲ ಗೊತ್ತಿತ್ತು.

ಡಾಕ್ಟರ್ ಕೇಳಿದರು. ಆಮೇಲೆ ಪೊಲೀಸಿನವರು ಬಂದು ಕೇಳಿದರು. ಒಂದೇ ದನಿಯಲ್ಲಿ, ಎಲ್ಲೂ ತಡವರಿಸದೆ ಹೇಳಿದೆ: ಹೀಟರನ್ನು ಎತ್ತರದ ಶೆಲ್ಫಿನ ಮೇಲಿಟ್ಟಿದ್ದರು, ಬಿಸಿ ಜಾಸ್ತಿ ಮಾಡಿ ಮರೆತಿದ್ದರು, ಇಳಿಸಲು ಹೋದಾಗ ಮಗುಚಿತು. ಅತ್ತಿಗೆಯ ತುಟಿ ಬಾತಿತ್ತು, ಮಾತು ಬರುತ್ತಿರಲಿಲ್ಲ. ಅವರು ಕೈ ಎತ್ತಿದರು — ಬಾಗಿಲಲ್ಲಿ ನಿಂತಿದ್ದ ಅಣ್ಣನ ಕಡೆ ತೋರಿಸಲು. ನಾನು ಆ ಕೈ ಹಿಡಿದೆ. ಸುಮ್ಮನಿರಿ ಅತ್ತಿಗೆ, ನೋವಾಗ್ತದೆ ಎಂದು ಹಾಸಿಗೆಗೆ ಒತ್ತಿ ಹಿಡಿದೆ. ಪೊಲೀಸಿನವರು ಹೊರಗೆ ಹೋಗುವ ತನಕ ಬಿಡಲಿಲ್ಲ. ಅವನು ಅವರ ಕೈಗಳನ್ನು ಕಿತ್ತದ್ದಕ್ಕೂ ನಾನು ಒತ್ತಿ ಹಿಡಿದದ್ದಕ್ಕೂ ವ್ಯತ್ಯಾಸವೇನು ಎಂದು ಎಷ್ಟೋ ಸಲ ವಾದ ಹೂಡಿ ನೋಡಿದ್ದೇನೆ. ಎರಡೂ ಕಡೆಯಿಂದ ಸೋತಿದ್ದೇನೆ.

ಅವರಿಗೆ ಮಾತು ಬರುವಷ್ಟರಲ್ಲಿ ಕಥೆ ಊರು ಸುತ್ತಿತ್ತು. ಮೊದಲು ಹೇಳಿದವರ ಮಾತು ಸುದ್ದಿಯಾಗುತ್ತದೆ, ಆಮೇಲೆ ಹೇಳಿದವರದು ಬರೀ ದೂರೆನಿಸಿಕೊಳ್ಳುತ್ತದೆ. ಈ ಲಾಭ ಚರ್ಚೆ ಮಾಡಿದವರಿಗೆಲ್ಲ ಗೊತ್ತು. ಅತ್ತಿಗೆ ನಿಜ ಹೇಳಿದಾಗ, ತನ್ನ ತಪ್ಪನ್ನು ಗಂಡನ ಮೇಲೆ ಹೊರಿಸುತ್ತಿದ್ದಾಳೆ ಎಂದರು ಜನ. ಇಂಥ ಮಾರಿ ನೋಡಿಕೊಂಡು ಬದುಕಲಾಗದೆಂದು ಅಣ್ಣ ಅವರನ್ನು ಹರಿಹರದ ತವರುಮನೆಗೆ ಅಟ್ಟಿದ.

ಈಗ ನನ್ನ ಸುಳ್ಳಿನ ನಿಜವಾದ ಕೆಲಸ ಕೇಳಿ. ಅತ್ತಿಗೆ ಹರಿಹರದಲ್ಲಿ ಒಂದು ಸಣ್ಣ ಕೋಣೆ ಹಿಡಿದು ಮತ್ತೆ ಪಾರ್ಲರ್ ತೆರೆದರು. ಜನ ಬಂದರು. ಕೆನ್ನೆಯಿಂದ ತುಟಿಯ ತುದಿಗೆ ಎಳೆದುಕೊಂಡಿದ್ದ ಕಲೆ ನೋಡಿದರು. ಗಂಡ ಸುಟ್ಟ ಕಲೆ ಎಂದು ಗೊತ್ತಿದ್ದರೆ ಅಯ್ಯೋ ಎಂದು ಕೂರುತ್ತಿದ್ದರೇನೋ. ಆದರೆ ಅವರಿಗೆ ಗೊತ್ತಿದ್ದದ್ದು ನನ್ನ ಕಥೆ. ಬಡಾವಣೆಯಿಂದ ಹರಿಹರ ಎಷ್ಟು ದೂರ? “ತನ್ನ ಮಾರಿ ಮೇಲೇ ವ್ಯಾಕ್ಸ್ ಚೆಲ್ಕಂಡಾಕಿ, ನಮ್ಮ ಮಗಳ ಮಾರಿ ಏನ್ ಉಳಿಸ್ತಾಳ್ರಿ,” ಎಂದು ಒಬ್ಬರು ನಮ್ಮ ಮನೆಯಲ್ಲೇ ಚಹಾ ಕುಡಿಯುತ್ತ ನಕ್ಕರು. ಅಲ್ಲಿಗೆ ಹುಬ್ಬು ತೀಡಿಸಲು ಹೋದರೆ ಮನೆಯಲ್ಲಿ ಕೊನೆಯ ಮಾತು ಹೇಳಿಯೇ ಹೋಗಬೇಕು ಎಂದು ಇನ್ನೊಬ್ಬರು. ನಾನು ಅವರ ಮುಂದೆ ಬಿಸ್ಕತ್ತಿನ ತಟ್ಟೆ ಇಟ್ಟೆ.

ಆ ಕಲೆಗೆ ಅರ್ಥ ಕೊಟ್ಟವಳು ನಾನು. ನನ್ನ ಭಾಷಣವೂ ತಪ್ಪಾಗಿತ್ತು. ಗಿರಾಕಿಗಳು ಕಲೆಗೆ ಹೆದರಲಿಲ್ಲ, ಕಲೆ ಹೇಳುತ್ತದೆಂದು ಅವರು ನಂಬಿದ ಮಾತಿಗೆ ಹೆದರಿದರು.

ನಾನು ಈಗ ಕಾನೂನು ಓದುತ್ತಿದ್ದೇನೆ — ನಗಬೇಕೆನಿಸಿದರೆ ನಗಿ. ಹೋದ ತಿಂಗಳು ಹರಿಹರಕ್ಕೆ ಹೋಗಿ ಅತ್ತಿಗೆಯ ಕುರ್ಚಿಯಲ್ಲಿ ಕೂತೆ. ಅವರು ಏನೂ ಕೇಳದೆ ಹುಬ್ಬು ತೀಡುವ ದಾರ ತೆಗೆದರು. ಮೊದಲೆಲ್ಲ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಈಗ ತುಟಿ ಬಿಗಿದುಕೊಂಡಿದೆ, ಹಿಡಿತ ಸಿಗುವುದಿಲ್ಲ. ದಾರವನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಾರೆ. ಪ್ರತಿ ಎಳೆತಕ್ಕೂ ದಾರ ಅವರ ಕೊರಳಿಗೆ ಕಚ್ಚಿಕೊಳ್ಳುತ್ತಿತ್ತು, ಅಲ್ಲೊಂದು ಕೆಂಪು ಗೆರೆ ಬಿದ್ದಿತ್ತು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ತಪ್ಪೊಪ್ಪಿಗೆಯ ಮಾತುಗಳನ್ನು ಶುರು ಮಾಡಿದೆ. ಅವರು ದಾರ ನಿಲ್ಲಿಸಲಿಲ್ಲ.

“ನಿಮ್ಮಣ್ಣ ಮಾರಿ ತಗಂಡ,” ಎಂದರು. “ನೀನು ಕೈ ತಗಂಡಿ. ತಪ್ಪು ನನ್ನ ಕೈಯ್ದು ಅಂದಿ. ಮಾರಿ ಇಲ್ದೆ ಬದುಕಬೋದು ಸುಮಾ.” ಆಮೇಲೆ ಕನ್ನಡಿ ಹಿಡಿದು, ಹುಬ್ಬು ಸರಿಯಾಗಿದೆಯೇ ನೋಡಿಕೋ ಎಂದರು. ಸರಿಯಾಗಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮನೆಗೆ ಬಂದು, ಠಾಣೆಗೆ ಹೋಗುತ್ತೇನೆಂದು ಅಣ್ಣನಿಗೆ ಹೇಳಿದೆ. ಅವನು ಶೋಕೇಸಿನಿಂದ ನನ್ನ ಕಪ್ ತೆಗೆದು ಅದರಿಂದಲೇ ನನ್ನ ಕೆನ್ನೆಗೆ ಬಡಿದ. ನನ್ನನ್ನು ಗೋಡೆಗೆ ಒತ್ತಿ, ಕುತ್ತಿಗೆ ಹಿಚುಕಿ, ಈಗ ಮಾತಾಡು ಎಂದ. ಹಲ್ಲೊಂದು ಅಲುಗಾಡುತ್ತಿತ್ತು, ತುಟಿ ಒಡೆದು ಬಾಯಿ ತುಂಬ ರಕ್ತ. ನಮ್ಮ ಮನೆಯಲ್ಲಿ ಮುಖಕ್ಕೆ ಹೊಡೆಯಬಾರದೆಂಬ ಕಟ್ಟಳೆ ಮುರಿದು ಬಹಳ ಕಾಲವಾಗಿತ್ತಲ್ಲ. ಇದನ್ನು ಕನಿಕರಕ್ಕಾಗಿ ಬರೆಯುತ್ತಿಲ್ಲ. ಅತ್ತಿಗೆ ಇಂಥದ್ದನ್ನು ತಿನ್ನುತ್ತಿದ್ದಾಗ ನಾನು ಹೆಡ್‌ಫೋನಿನ ಸದ್ದು ಜಾಸ್ತಿ ಮಾಡಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮೊದಲು ಹರಿಹರಕ್ಕೇ ಹೋದೆ. ಅವರನ್ನು ಕೇಳದೆ ಅವರ ಕಥೆಯನ್ನು ಇನ್ನೊಮ್ಮೆ ಹೇಳಬಾರದೆನಿಸಿತು. ಅತ್ತಿಗೆ ಗದ್ದ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದರು. ಹಳೆಯ ಅಭ್ಯಾಸ — ಅವರ ಕೈ ತಾನಾಗಿ ಕಲೆ ಮುಚ್ಚುವ ಕನ್ಸೀಲರಿನ ಕಡೆ ಹೋಯಿತು.

“ಮುಚ್ಚಲಾ? ಇಂಥಾ ಮಾರಿ ತಗಂಡು ಹೋದ್ರೆ, ಹೊಡೆದ ಸಿಟ್ಟಿಗೆ ಹೇಳ್ತಾಳೆ ಅಂತಾರೆ.”

“ಬ್ಯಾಡ,” ಎಂದೆ.

ಮುಚ್ಚಳ ಹಾಕಿಟ್ಟರು. ನೀವೂ ಬರ್ತೀರಾ ಎಂದು ಕೇಳಿದೆ. “ಗಿರಾಕಿ ಅದಾರೆ,” ಎಂದರು. “ಅವತ್ತು ಒಬ್ಬಾಕಿನೇ ಹೇಳಿದ್ಯಲ್ಲ. ಇವತ್ತೂ ಒಬ್ಬಾಕಿನೇ ಹೇಳು.”

ಬೆಂಚಿನ ಮೇಲೆ ಒಬ್ಬ ಕಾಲೇಜು ಹುಡುಗಿ ಕೂತಿದ್ದಳು. ಅತ್ತಿಗೆಯ ಕೆನ್ನೆಯನ್ನು ಕದ್ದು ನೋಡುತ್ತ, ಏಳಲೋ ಬೇಡವೋ ಎಂಬಂತೆ ಬ್ಯಾಗು ತೊಡೆಗೇರಿಸಿಕೊಂಡು. ಠಾಣೆಗಿಂತ ಮೊದಲು ನಾನು ನಿಜ ಹೇಳಿದ್ದು ಅವಳಿಗೆ. ನೆಟ್ಟಗೆ ಎರಡು ಮಾತು ಹೊಂದಿಸಲು ಆಗಲಿಲ್ಲ; ಒಡೆದ ತುಟಿಯಿಂದ ತೊದಲಿದೆ. ಅವಳು ಆಮೇಲೆ ಕುರ್ಚಿಗೆ ಹೋಗಿ ಕೂತಳೋ, ಎದ್ದು ಹೋದಳೋ, ತಿರುಗಿ ನೋಡದೆ ದಾವಣಗೆರೆಯ ಬಸ್ಸಿಗೆ ನಡೆದೆ.

ಠಾಣೆಯಲ್ಲಿ ಹೇಳಿದ್ದೇನೆ. ನನ್ನ ಹಳೆಯ ಸುಳ್ಳಿಗೆ ನನಗೇನು ಕಾದಿದೆಯೋ ಅದೂ ಬರಲಿ. ಉಳಿದವರು ನೀವು. ನಿಮ್ಮ ಕೈಗೆ ಹಚ್ಚುವ ಮೊದಲು ಅವರು ತಮ್ಮ ಮಣಿಕಟ್ಟಿಗೆ ಹಚ್ಚಿ ಬಿಸಿ ನೋಡುತ್ತಿದ್ದರು. ಅದನ್ನು ನೀವು ಕಣ್ಣಾರೆ ಕಂಡಿದ್ದಿರಿ. ಕಂಡದ್ದನ್ನು ಬಿಟ್ಟು ನನ್ನ ಮಾತನ್ನು ನಂಬಿದಿರಿ — ನಂಬುವ ಹಾಗೆ ಹೇಳಿದವಳು ನಾನು.