ಕಡಲಾಚೆಯವರು ಕೊಬ್ಬರಿ ಮನೆಗೆ ಬಂದದ್ದು

ಜೀಪು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಕೆಡದೆ ಬಂದರೂ, ನಮ್ಮೂರ ರಸ್ತೆಯ ಗುಂಡಿಗಳಿಂದ ಅಧಿಕಾರಿಯ ಸೊಂಟ ಹಿಡಿದು ಸಿಟ್ಟಿನಲ್ಲೇ ಇಳಿಯಬಹುದಿತ್ತು. ನಮ್ಮ ಎಮ್ಮೆ ಅವರ ಇಸ್ತ್ರಿ ಪ್ಯಾಂಟಿಗೆ ಬಾಲ ಬೀಸಬಹುದಿತ್ತು. ಕೊಟ್ಟ ಎಳನೀರು ಹುಳಿಯಾಗಿರಬಹುದಿತ್ತು. ಅವರ ತಲೆಯ ಮೇಲೆ ತೆಂಗಿನಕಾಯಿ ಬೀಳಬಹುದಿತ್ತು. ತೆಂಗಿನ ಮರಕ್ಕೆ ಕಣ್ಣಿದೆ, ಒಳ್ಳೆಯವರ ಮೇಲೆ ಕಾಯಿ ಬೀಳಿಸುವುದಿಲ್ಲ ಅನ್ನುತ್ತಾರೆ. ಆದರೆ ಬರುವ ಅಧಿಕಾರಿ ಒಳ್ಳೆಯವರೋ ಅಲ್ಲವೋ ನಮಗೆ ಹೇಗೆ ಗೊತ್ತು? ಸರ್ಕಾರ ರಾತ್ರೋರಾತ್ರಿ ಬಿದ್ದು ಹೊಸಬರು ಬಂದು ಆದೇಶವನ್ನೇ ರದ್ದು ಮಾಡಬಹುದಿತ್ತು. ನನ್ನ ಸೋದರಮಾವ ಬಾಯಿ ಬಿಡಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅಧಿಕಾರಿ ಎಲ್ಲವನ್ನೂ ನೋಡಿ ಆಗದೆಂದು ತಲೆಯಾಡಿಸಿ, ನಮ್ಮ ಕೊಬ್ಬರಿ ಮನೆಯಲ್ಲಿದ್ದ ಗಂಡಹೆಂಡಿರನ್ನು ಅದೇ ಜೀಪಿಗೆ ಹತ್ತಿಸಿಕೊಂಡು ನಿರಾಶ್ರಿತರ ಶಿಬಿರಕ್ಕೆ ವಾಪಸು ಕರೆದೊಯ್ಯಬಹುದಿತ್ತು.

ಈಗ ತಲೆಕೂದಲು ಅರ್ಧ ಉದುರಿದ ವಯಸ್ಸಿನಲ್ಲಿ, ಬಸ್ಸು ಹತ್ತುವ ಮೊದಲೇ ಇಳಿಯುವ ಚಿಂತೆ ಮಾಡುವವನು ನಾನು. ಆಗಲೂ ಹಾಗೇ ಇದ್ದೆ. ಬಿ.ಎ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ, ಕೆಲಸ ಸಿಕ್ಕದಿದ್ದರೆ ಏನು ಗತಿ, ಸಿಕ್ಕಿದರೆ ಏನು ಗತಿ ಎಂದು ಎರಡೂ ಕೈಯಲ್ಲಿ ತಲೆ ಹಿಡಿದು ಜಗಲಿಯ ಮೇಲೆ ಕೂತಿರುತ್ತಿದ್ದೆ. ಅಪ್ಪ ಇಲ್ಲದ ಮನೆ. ತೋಟ ಅಮ್ಮನದು, ವ್ಯಾಪಾರ ಮಾವನದು, ಚಿಂತೆ ನನ್ನದು. ಹೀಗೆ ಕೆಲಸ ಹಂಚಿಕೊಂಡು ಸಂಸಾರ ನಡೆಯುತ್ತಿತ್ತು.

ಕಡಲನ್ನೇ ಕಾಣದ ತುರುವೇಕೆರೆ ತಾಲ್ಲೂಕಿಗೂ ಕಡಲು ದಾಟಿ ಬಂದವರಿಗೂ ಗಂಟು ಹಾಕಿದ್ದು ಆ ಮಾವನೇ. ಎಂಬತ್ತರ ದಶಕದ ನಡುವಿನ ಮಾತು. ಶ್ರೀಲಂಕಾದಲ್ಲಿ ಗಲಭೆಯೆದ್ದು, ಅಲ್ಲಿಯ ತಮಿಳರು ದೋಣಿ ಹತ್ತಿ ಈಚೆ ದಡಕ್ಕೆ ಬರುತ್ತಿದ್ದರು. ಮಾವ ಕಾಯಿ ತುಂಬಿದ ಲಾರಿಯ ಜೊತೆ ತಮಿಳುನಾಡಿನ ಕಡೆ ಹೋಗಿಬರುತ್ತಿದ್ದ. ಒಂದು ಸಲ ಲಾರಿ ಕೆಟ್ಟು ನಿಂತದ್ದು ನಿರಾಶ್ರಿತರ ಶಿಬಿರವೊಂದರ ಬೇಲಿಯ ಪಕ್ಕ. ಬೇಲಿಯ ಆಚೆಯಿಂದ ಒಬ್ಬ ಗಂಡಸು ಲಾರಿಯ ಕಾಯಿಯನ್ನೇ ದಿಟ್ಟಿಸಿ ನೋಡುತ್ತಿದ್ದನಂತೆ. ಹೆಂಡತಿ ಪಕ್ಕದಲ್ಲಿ. ಇಬ್ಬರೂ ಅಲ್ಲಿ ತೆಂಗಿನ ಎಸ್ಟೇಟಿನಲ್ಲಿ ಕೊಬ್ಬರಿ ಮಾಡುತ್ತಿದ್ದವರು. ಮಾವ ತನ್ನ ಲಾರಿ ತಮಿಳಿನಲ್ಲಿ ಅರ್ಧ ದಿನ ಹರಟೆ ಹೊಡೆದು, ಹೊರಡುವಾಗ, "ನಮ್ಮೂರಿಗೆ ಬಂದ್ಬುಡಿ" ಎಂದು ನೆಂಟರನ್ನು ಕರೆಯುವಂತೆ ಕರೆದುಬಂದ.

ಆಗ ಹಾಗೆಲ್ಲ ಬರುವಂತಿರಲಿಲ್ಲ. ಶಿಬಿರದಲ್ಲಿ ಸಂಜೆಯಾದರೆ ಗಂಟೆ ಹೊಡೆಯುತ್ತಿತ್ತು, ಎಲ್ಲರೂ ಸಾಲಾಗಿ ನಿಂತು ಹಾಜರಿ ಹೇಳಬೇಕಿತ್ತು. ಆದರೆ ಕೆಲವು ತಿಂಗಳಲ್ಲಿ ನಿಯಮ ಬದಲಾಯಿತು. ಹೊರಗಿನ ಊರಿನಲ್ಲಿ ಯಾರಾದರೂ ಸೂರು ಕೊಟ್ಟು, ಕೆಲಸ ಕೊಟ್ಟು, ಜವಾಬ್ದಾರಿ ಹೊತ್ತರೆ ಕುಟುಂಬವೊಂದು ಶಿಬಿರ ಬಿಟ್ಟು ಅಲ್ಲಿರಬಹುದು. ಮೊದಲು ತಾತ್ಕಾಲಿಕವಾಗಿ. ಆಮೇಲೆ ಅಧಿಕಾರಿಯೊಬ್ಬರು ಖುದ್ದು ಬಂದು ಸೂರನ್ನೂ ಕೆಲಸವನ್ನೂ ಕಣ್ಣಾರೆ ನೋಡಬೇಕು. ಒಪ್ಪಿದರೆ ಉಳಿಯುವುದು, ಒಪ್ಪದಿದ್ದರೆ ಮರಳುವುದು.

ಮಾವ ಈ ಸುದ್ದಿ ತಂದ ದಿನ ನಾನು ನನ್ನ ಆಕ್ಷೇಪಣೆಗಳನ್ನು ಮುಂದಿಟ್ಟೆ. ಭಾಷೆ ಬರದಿದ್ದರೆ? ಊರವರು ತಕರಾರು ಮಾಡಿದರೆ? ಪೊಲೀಸರು ನಮ್ಮನ್ನೇ ಹಿಡಿದರೆ?

"ನೀನು ಹುಟ್ಟೋವಾಗ್ಲೂ ಹಿಂಗೇ ಯೋಚ್ನೆ ಮಾಡ್ಕಂಡು ತಡವಾಗಿ ಬಂದೆ ಕಣ್ಲಾ," ಎಂದ ಮಾವ. "ನಿಮ್ಮವ್ವ ಎಲ್ಡು ದಿನ ನರಳಿದ್ಳು."

ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಆ ಯಮ್ಮ ಖಾರ ತಿಂತಾಳೇನೋ?"

"ನಮಗಿಂತ ಜಾಸ್ತಿ ಕಣಕ್ಕ."

"ಹಂಗಾದ್ರೆ ಬರ್ಲಿ ಬುಡು."

ತೋಟದ ಅಂಚಿನಲ್ಲಿ ಹಿಂದೆ ಕೊಬ್ಬರಿ ಕೂಡಿಡುತ್ತಿದ್ದ ಕೊಬ್ಬರಿ ಮನೆಯನ್ನು ಖಾಲಿ ಮಾಡಿ ಬಳಿದದ್ದು, ಮಾವ ಅಮ್ಮಸಂದ್ರಕ್ಕೆ ಗಾಡಿ ಹೊಡೆದು ನೆಲಕ್ಕೆ ಸಿಮೆಂಟು ತಂದದ್ದು, ಒಬ್ಬರಲ್ಲ ಒಬ್ಬರು ಪಾತ್ರೆ, ಚಾಪೆ, ಒನಕೆ ತಂದಿಟ್ಟದ್ದು, ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಊರಿಗೆ ಊರೇ ಮದುವೆಯ ಗುಂಗಿನಲ್ಲಿತ್ತು. ಬಸ್ಸಿನಿಂದ ಅವರಿಬ್ಬರೂ ಒಂದು ಟ್ರಂಕು ಹಿಡಿದು ಇಳಿದಾಗ, ನೋಡಲು ನಿಂತಿದ್ದ ಮುದುಕಿಯೊಬ್ಬಳು ಬೇಸರದಿಂದ, "ಅಯ್ಯೋ, ನಮ್ಮಂಗೇ ಅವ್ರಲ್ಲೇ!" ಎಂದಳು. ಕಡಲು ದಾಟಿದವರು ಇನ್ನೂ ಸ್ವಲ್ಪ ಬೇರೆ ಥರ ಇರುತ್ತಾರೆಂದು ಆಕೆ ಎಣಿಸಿದ್ದಳು.

ತೊಡಕು ಬಂದದ್ದು ಭಾಷೆಯಿಂದಲ್ಲ, ಖಾರದಿಂದಲೂ ಅಲ್ಲ. ಕೊಬ್ಬರಿಯಿಂದ.

ನಮ್ಮ ಸೀಮೆಯಲ್ಲಿ ಕೊಬ್ಬರಿಗೆಂದು ಕಾಯಿಯನ್ನು ಒಡೆಯುವುದಿಲ್ಲ. ಮನೆಯ ಅಟ್ಟದ ಮೇಲೆ ನೆಮ್ಮದಿಯಾಗಿ ವರ್ಷವೊಪ್ಪತ್ತು ಮಲಗಿಸುತ್ತೇವೆ. ಕೆಳಗಿನ ಒಲೆಯ ಕಾವಿಗೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನ ಹಿಂಬದಿಯಿಂದ ಚಿಪ್ಪಿಗೆ ಸುತ್ತಲೂ ಮೆಲ್ಲಗೆ ತಟ್ಟಿ, ಒಳಗಿನ ಕೊಬ್ಬರಿಯನ್ನು ಇಡೀ ಉಂಡೆಯಾಗಿ, ಮೊಟ್ಟೆಯಿಂದ ಮರಿ ಬಂದಂತೆ ಹೊರಗೆ ತರಬೇಕು. ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆಗಿರುವ ಮರ್ಯಾದೆ ಒಡೆದ ಹೋಳಿಗಿಲ್ಲ. ಅವರ ಎಸ್ಟೇಟಿನಲ್ಲಿ ಇದರ ತದ್ವಿರುದ್ಧ. ಹಸಿಕಾಯಿಯನ್ನೇ ಒಂದೇ ಏಟಿಗೆ ಎರಡು ಬಟ್ಟಲು ಮಾಡಿ ಹೊಗೆಯಲ್ಲಿ ಒಣಗಿಸುವುದು. ಏಟು ಎಷ್ಟು ಬಿರುಸೋ ಕೆಲಸಗಾರ ಅಷ್ಟು ಗಟ್ಟಿಗ.

ನಮ್ಮ ಅಟ್ಟ ಕಂಡ ಮೊದಲ ದಿನ ಆ ಗಂಡಸು ಮೂಗಿನ ಮೇಲೆ ಬೆರಳಿಟ್ಟು, "ಒಂದು ವರ್ಷ ಸುಮ್ಮನೆ ಇಡುವುದಾ? ಇದು ಕಾಯಿಯಾ, ಉಪ್ಪಿನಕಾಯಿಯಾ?" ಎಂದು ಮಾವನನ್ನು ತಮಿಳಿನಲ್ಲಿ ಕೇಳಿದ್ದ. ಅಮ್ಮನಿಗೆ ಮಾವ ಅದನ್ನು ಹೇಳಿದಾಗ ಅವಳು ನಕ್ಕು, "ಕಲ್ತ್ಕಳ್ಳಿ ಬುಡು, ಅವ್ನೇನು ಹುಟ್ಟೋವಾಗ್ಲೇ ಒಡೀತಾ ಬಂದ್ನಾ?" ಎಂದಳು.

ಕಲಿಸಿದಳು ಕೂಡ. ದಿನವೂ ಮಧ್ಯಾಹ್ನ ಅಂಗಳದಲ್ಲಿ ಪಾಠ. ಅವನು ಮಚ್ಚೆತ್ತಿದರೆ ಅಮ್ಮ, "ಮೆಲ್ಲಗೆ ಕಣಪ್ಪ, ಮೆಲ್ಲಗೆ! ಕೂಸು ಮಲಗೈತೆ ಅಂದ್ಕಾ!" ಎನ್ನುವಳು. ಅವನ ತೋಳಿಗೆ ಮಾತ್ರ ಕೂಸು ಗೀಸು ತಿಳಿಯುತ್ತಿರಲಿಲ್ಲ. ಫಳ್! ಎರಡು ಹೋಳು. ಹೆಂಡತಿ ಕಂಬಕ್ಕೊರಗಿ ನೋಡುತ್ತಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಆದರೂ ಅಧಿಕಾರಿ ಬರುವ ಹೊತ್ತಿಗೆ ಅವನು ಹತ್ತರಲ್ಲಿ ಆರನ್ನಾದರೂ ಉಂಡೆಯಾಗಿ ತೆಗೆಯುತ್ತಿದ್ದ. ಉಳಿದ ನಾಲ್ಕು ನನ್ನ ನಿದ್ದೆ ತಿನ್ನುತ್ತಿದ್ದವು.

ಅಂದು ಜೀಪು ಬಂತು. ಕೆಡಲಿಲ್ಲ. ಅಧಿಕಾರಿ ಬೆಂಗಳೂರಿನವರು, ಸೌಮ್ಯ ಮುಖ, ಸೊಂಟ ಸರಿಯಾಗಿಯೇ ಇತ್ತು. ಎಳನೀರು ಕುಡಿದು ಇನ್ನೊಂದು ಕೇಳಿದರು. ಎಮ್ಮೆ ಸಾಧ್ವಿಯಂತೆ ಮೆಲುಕು ಹಾಕುತ್ತಿತ್ತು. ಮಾವ ಒಂದೂ ಮಾತಾಡಲಿಲ್ಲ. ಅವನ ಬಾಯಲ್ಲಿ ಎಲೆಅಡಿಕೆ ತುಂಬಿಸುವ ಉಪಾಯ ನನ್ನದೇ. ಊರವರೆಲ್ಲ ಅಂಗಳದ ಸುತ್ತ ನಿಂತಿದ್ದರು.

"ಮನೆ ಆಮೇಲೆ ನೋಡ್ತೀನಿ. ಮೊದಲು ಕೆಲಸ ತೋರಿಸಿ," ಎಂದರು ಅಧಿಕಾರಿ. "ಕಾಗದದ ಮೇಲಿನ ಕೆಲಸ ನಾನು ಬೇಕಾದಷ್ಟು ಕಂಡಿದ್ದೀನಿ."

ಗಂಡಸು ಕೂತ. ಅಮ್ಮ ತಾನೇ ಆರಿಸಿದ್ದ ಕಾಯಿಯನ್ನು ಅವನ ಮುಂದಿಟ್ಟಳು. ಅವನು ಅಧಿಕಾರಿಯನ್ನು ನೋಡಿದ, ಜೀಪನ್ನು ನೋಡಿದ, ಕಾಯಿಯನ್ನು ನೋಡಿದ. ಮಚ್ಚು ಮೇಲೆದ್ದ ಎತ್ತರವನ್ನು ಕಂಡಾಗಲೇ ನನಗೆ ಗೊತ್ತಾಯಿತು. ಆ ಕೈ ಈಗ ನಮ್ಮ ಅಂಗಳದಲ್ಲಿಲ್ಲ, ಎಸ್ಟೇಟಿನಲ್ಲಿದೆ.

ಫಳ್!

ಎರಡು ಬಟ್ಟಲು. ಅಳೆದು ಕುಯ್ದ ಹಾಗೆ ಸಮ. ಸುತ್ತ ನಿಂತವರು ಒಟ್ಟಿಗೆ "ಅಯ್ಯಯ್ಯೋ" ಎಂದರು. ನಮ್ಮ ಸೀಮೆಯಲ್ಲಿ ಅಷ್ಟು ಚೊಕ್ಕವಾಗಿ ಕೊಬ್ಬರಿ ಕೆಡಿಸಿದವರನ್ನು ಯಾರೂ ಕಂಡಿರಲಿಲ್ಲ. ಅಧಿಕಾರಿ ಊರವರ ಕಡೆ ತಿರುಗಿ, "ಯಾಕೆ? ತಪ್ಪಾಯ್ತಾ?" ಎಂದರು.

ಅಮ್ಮ ಮುಂದೆ ಬಂದು ಎರಡು ಹೋಳನ್ನೂ ಕಣ್ಣಿಗೊತ್ತಿಕೊಂಡಳು.

"ತಪ್ಪೇನ್ ಬಂತು ಸ್ವಾಮಿ? ಮೊದಲ್ನೇದು ಒಲೆಯವ್ವಂಗೆ. ಎಲ್ಡು ಹೋಳು ಮಾಡಿ ಒಲೆ ಮುಂದೆ ಇಕ್ಕೋದು ನಮ್ಮನೆ ಪದ್ಧತಿ."

ಪದ್ಧತಿ ಇದ್ದದ್ದು ನಿಜ. ಅಟ್ಟದಿಂದ ಕಾಯಿ ಇಳಿಸಲು ತೊಡಗಿದ ದಿನ ಅದನ್ನು ಮಾಡಿ ಮುಗಿಸಿದ್ದೂ ನಿಜ. ಒಲೆಯವ್ವ ಆ ವರ್ಷ ಎರಡು ಸಲ ಉಂಡಳು, ಅಷ್ಟೇ.

"ಸರಿ, ದೇವರದ್ದಾಯ್ತು. ಇನ್ನು ಮಾರೋದು ತೋರಿಸಿ," ಎಂದರು ಅಧಿಕಾರಿ.

ಗಂಡಸು ಮಚ್ಚು ಎತ್ತಲಿಲ್ಲ. ಎರಡನೆಯ ಕಾಯಿಯನ್ನು ಹಿಡಿದವನು ಹಿಡಿದೇ ಇದ್ದ. ನನ್ನ ಎದೆ ತೆಂಗಿನ ಮರದ ತುದಿಗೆ ಹೋಗಿ ಕೂತಿತ್ತು. ಅಷ್ಟರಲ್ಲಿ ಕಂಬಕ್ಕೊರಗಿದ್ದ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಅವನ ಕೈಯಿಂದ ಮಚ್ಚು ತೆಗೆದುಕೊಂಡಳು. ಇಷ್ಟು ದಿನ ಪಾಠ ಅವನಿಗೆ ಎಂದುಕೊಂಡಿದ್ದೆವು. ಟಕ್, ಟಕ್, ಟಕ್, ಕಾಯಿ ತಿರುಗಿಸುತ್ತಾ ತಟ್ಟಿದಳು. ಚಿಪ್ಪು ಕಳಚಿ ಬಿತ್ತು. ಉಂಡೆ ಅವಳ ಅಂಗೈಯಲ್ಲಿ. ಒಂದು ಗೀರಿಲ್ಲ.

"ಭಲೇ ಕಣವ್ವೋ!" ಮಾವನ ಬಾಯಿಂದ ಎಲೆಅಡಿಕೆಯ ಸಮೇತ ಹೊರಬಂತು. ಊರೆಲ್ಲ ಹೋ ಎಂದಿತು. ಅಮ್ಮನ ಮುಖ ನೋಡಬೇಕಿತ್ತು. ಮಗ ಬಿ.ಎ. ಪಾಸಾದಾಗಲೂ ಅವಳು ಹಾಗೆ ಅರಳಿರಲಿಲ್ಲ.

ಅಧಿಕಾರಿ ನಗಲಿಲ್ಲ. "ಕೆಲಸ ಗಂಡನದು ಅಂತ ಬರೆದಿದ್ದೀರಿ."

ಅರ್ಜಿ ಬರೆದವನು ನಾನು. ಅವರು ಉಂಡೆಯನ್ನು ತೆಗೆದುಕೊಂಡು ತಿರುಗಿಸಿ ನೋಡಿದರು, ಮೂಸಿದರು.

"ಹೊಸ ಆದೇಶದಲ್ಲಿ ಕುಟುಂಬಕ್ಕೆ ಕೆಲಸ ಇರಬೇಕು ಅಂತಿದೆ," ಎಂದರು ನಿಧಾನವಾಗಿ. "ಯಾರ ಕೈ ಅಂತ ಇಲ್ಲ. ಇವರು ಸುಲೀಲಿ, ಅವರು ಒಡೀಲಿ. ನನಗೇನು?" ಆಮೇಲೆ ಆ ಹೆಂಗಸಿನ ಕಡೆ ಬಾಗಿ ತಮಿಳಿನಲ್ಲೇ ಕೇಳಿದರು, ಇಲ್ಲಿ ಇರಲು ನಿಮಗೆ ಮನಸ್ಸಿದೆಯೇ?

ಅವಳು ತಿರುಗಿ ಒಂದು ಪ್ರಶ್ನೆ ಕೇಳಿದಳು. ಮಾವ ಆಮೇಲೆ ಬಿಡಿಸಿ ಹೇಳಿದ. ಇಲ್ಲಿಯೂ ಇನ್ನು ಮೇಲೆ ಸಂಜೆ ಗಂಟೆ ಹೊಡೆಯುತ್ತಾರಾ ಎಂದು ಕೇಳಿದ್ದಳಂತೆ.

ಅಧಿಕಾರಿ ಇಲ್ಲ ಎಂದು ತಲೆಯಾಡಿಸಿದರು. ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಮುಖ ತೋರಿಸಿ ಬಂದರೆ ಸಾಕು. ಸಂಜೆ ನಿಮ್ಮದು.

ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಮುಚ್ಚಿಕೊಳ್ಳಲಿಲ್ಲ. ಆಕಾಶ ನೋಡಿದಳು, ಸಂಜೆಗೆ ಇನ್ನೂ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುವಂತೆ.

ಮುಂದೆ ನಡೆದ ಗದ್ದಲ ಹೇಳತೀರದು. ಯಾರೋ ತಮಟೆ ತಂದರು. ಮಾವ ಅಧಿಕಾರಿಯ ಕೈ ಹಿಡಿದು ಕುಣಿಸುವುದೊಂದು ಬಾಕಿ. ಇನ್ನು ಆ ಕೊಬ್ಬರಿ ಮನೆ ಅವರದೇ ಮನೆ, ಹೊಸ್ತಿಲು ದಾಟುವ ಮೊದಲು ಮಡಿಲು ತುಂಬಲೇಬೇಕು ಎಂದಳು ಅಮ್ಮ. ಅಕ್ಕಿ, ಬೆಲ್ಲ, ಅರಿಶಿನ, ಕುಂಕುಮ ಮೊರಕ್ಕೆ ಬಂದವು, ತೆಂಗಿನಕಾಯಿಯೊಂದು ಬರಬೇಕಿತ್ತು.

"ಲೇ, ಅಟ್ಟಕ್ಕೆ ಹತ್ಲಾ! ಮೊನ್ನೆ ಏರ್ಸಿದ ಹಸಿಕಾಯಿ ಮೂಲೇಲವೆ. ಒಂದು ಒಳ್ಳೇದು ನೋಡಿ ತತ್ತಾ!"

ಏಣಿ ಹಾಕಿ ಹತ್ತಿದೆ. ಆದರೆ ಒಳ್ಳೆಯದು ಯಾವುದು? ಮಡಿಲಿಗೆ ಹಾಕಿದ ಕಾಯಿ ಒಡೆದಾಗ ಕೆಟ್ಟಿದ್ದರೆ ಅಪಶಕುನ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ನೀರು ಕಡಿಮೆ ಅನ್ನಿಸಿತು. ಇನ್ನೊಂದರ ತೊಟ್ಟು ಸಂಶಯ. ಮತ್ತೊಂದು ತೀರಾ ಎಳಸು. ಕತ್ತಲಲ್ಲಿ ಮಂಡಿಯೂರಿ ಕೂತು ಕಾಯಿಗಳನ್ನು ಒಂದೊಂದಾಗಿ ಸಂದರ್ಶನ ಮಾಡುತ್ತಾ ಹೋದೆ. ಕೊನೆಗೆ ನಿಷ್ಕಳಂಕವಾದುದೊಂದನ್ನು ಎದೆಗವಚಿಕೊಂಡು ಅಂಚಿಗೆ ಬಂದು ಕಾಲಿಳಿಬಿಟ್ಟರೆ, ಕಾಲಿಗೆ ಏಣಿ ಸಿಗಲಿಲ್ಲ. ಕೊಬ್ಬರಿ ಮನೆಯ ಹೊಸ ಹೆಂಚು ತೋರಿಸಲು ಮಾವ ಏಣಿಯನ್ನೇ ಹೊತ್ತುಕೊಂಡು, ಅಧಿಕಾರಿಯನ್ನೂ ಊರನ್ನೂ ಹಿಂದಿಟ್ಟುಕೊಂಡು, ತಮಟೆಯ ಜೊತೆ ತೋಟದ ಕಡೆ ಹೋಗಿಬಿಟ್ಟಿದ್ದ. ಕೂಗಿದೆ. ತಮಟೆಯ ಮುಂದೆ ನನ್ನ ಕೂಗು ಯಾವ ಲೆಕ್ಕ?

ಅಮ್ಮ ಕಾದು ಕಾದು, ಮುಹೂರ್ತ ಮೀರುತ್ತದೆಂದು ಕೈಗೆ ಸಿಕ್ಕಿದ ಸೀಮೆಬದನೆಕಾಯಿಯನ್ನೇ ಮಡಿಲಿಗೆ ಹಾಕಿ ಒಳಗೆ ಕರೆದುಕೊಂಡಳಂತೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಸೀಮೆ ಸೇರಿ, ತೆಂಗಿನಕಾಯಿಯಿಲ್ಲದೆ ಮಡಿಲು ತುಂಬಿಸಿಕೊಂಡ ಹೆಂಗಸು ಆಕೆಯೊಬ್ಬಳೇ ಇರಬೇಕು.