ಇರುವೆ ಕಚ್ಚಿದಷ್ಟು

ನಮ್ಮ ಸೋದರತ್ತೆಯ ಕಣ್ಣಿಗೆ ರೆಪ್ಪೆಗೂದಲೇ ಇರಲಿಲ್ಲ. ಕೆಂಪಗೆ ಬೋಳಾದ, ಸದಾ ನೀರೂರುವ ಅಂಚು. ರೆಪ್ಪೆ ಒಳಕ್ಕೆ ಮಡಿಚಿಕೊಂಡಿತ್ತು. ಹುಟ್ಟಿದ ಕೂದಲೆಲ್ಲ ಕಣ್ಣುಗುಡ್ಡೆಗೇ ಚುಚ್ಚುತ್ತಿತ್ತು. ಮಧ್ಯಾಹ್ನ ಜಗಲಿಯ ಬಿಸಿಲಲ್ಲಿ ಕೂತು, ಜಾರದಂತೆ ಬೆರಳಿಗೆ ಬೂದಿ ಸವರಿಕೊಂಡು, ಸೊಂಟಕ್ಕೆ ಸಿಕ್ಕಿಸಿದ ಚಿಮುಟ ತೆಗೆದು, ಮುಟ್ಟಿ ನೋಡಿಯೇ ಕೀಳುತ್ತಿದ್ದಳು. ನಮ್ಮೂರು ಕೊಪ್ಪದಲ್ಲಿ ಅಂಥ ಕಣ್ಣಿನ ಹೆಂಗಸರೆಲ್ಲ ಅವಳೆದುರು ಬಂದು ಕೂರುತ್ತಿದ್ದರು. ಅಳುಕಿಲ್ಲದೆ ಅವರದನ್ನೂ ಕೀಳುತ್ತಿದ್ದಳು.

ಆಸ್ಪತ್ರೆಯೆಂದರೆ ಮಾತ್ರ ಹೆದರಿಕೆ. ಮಂಡ್ಯದ ಸಂತೆಗೆ ಹೋದರೂ ಆ ಬೀದಿ ತಪ್ಪಿಸಿ ಸುತ್ತಿಕೊಂಡು ಬರುತ್ತಿದ್ದಳು. ಹೈಸ್ಕೂಲಿನ ಚರ್ಚಾಕೂಟದಲ್ಲಿ ಗೆದ್ದು ಬಂದ ನಾನು ಬಿಡಬೇಕಲ್ಲ?

"ಕಿತ್ತಷ್ಟೂ ಚೂಪಾಗಿ ಬೆಳೀತದೆ. ಹಂಗಾದ್ರೆ ಇದು ಮದ್ದೋ, ರೋಗವೋ?"

"ಆಸ್ಪತ್ರೇಲಿ ಬದುಕಿರೋ ಕಣ್ಗೆ ಕತ್ತಿ ಆಕ್ತಾರೆ ಕಣ್ಲಾ. ನಿನ್ ವಾದ ಇಸ್ಕೂಲಲ್ಲಿ ಮಡಿಕ್ಕೊ."

ಶಿವಪುರದ ಸತ್ಯಾಗ್ರಹದಲ್ಲಿ ಬಾವುಟ ಹಾರಿದ ಮರುವರ್ಷ ನನ್ನ ಎಡಗಣ್ಣು ನೀರು ಸುರಿಸತೊಡಗಿತು. ಅತ್ತೆ ರೆಪ್ಪೆ ಎತ್ತಿ ನೋಡಿದಳು. ಎತ್ತಿದ ಚಿಮುಟವನ್ನು ಮೊದಲ ಸಲ ಕೀಳದೆ ಕೆಳಗಿಳಿಸಿದಳು.

"ನಂದೇ ಬಂದದೆ ನಿಂಗೂ."

ರೆಪ್ಪೆ ಕೊಯ್ದು ಹೊರಕ್ಕೆ ತಿರುಗಿಸಿ ಹೊಲಿಯಬೇಕು, ತಡವಾದರೆ ಕಣ್ಣಿಗೆ ಹೂ ಬೀಳುತ್ತದೆ ಎಂದರು ಮಂಡ್ಯದ ಆಸ್ಪತ್ರೆಯಲ್ಲಿ ನನ್ನ ಕಣ್ಣು ನೋಡಿದ ಡಾಕ್ಟರು. ಪಕ್ಕದ ಮನೆಯ ಅಜ್ಜಿ ಹಾಗೇ ಹೂ ಬಿದ್ದು ಗೋಡೆ ತಡವುತ್ತ ಓಡಾಡುತ್ತಿದ್ದಳು. ಅವಳ ಕೈ ಗೋಡೆಗೆ ಉಜ್ಜುವ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ಆದರೂ ಕತ್ತಿ ನೆನೆದಾಗ ನನ್ನ ತರ್ಕವೆಲ್ಲ ಕರಗಿತು. "ಕಿತ್ತುಬುಡತ್ತೆ, ಸಾಕು" ಎಂದೆ.

ಅತ್ತೆ ಚಿಮುಟ ಸೊಂಟಕ್ಕೆ ಸಿಕ್ಕಿಸಿದಳು. "ಮೊದ್ಲು ನಾನ್ ಕುಯ್ಸ್ಕೊಂಡ್ ಬತ್ತೀನಿ. ನೋಯ್ತದಾ ಇಲ್ವಾ ಯೋಳ್ತೀನಿ. ಆಮೇಲ್ ನೀನು."

ಗಾಡಿಗೆ ಒಮ್ಮೆ ಹತ್ತಿ, ಇಳಿದು, ಮತ್ತೆ ಹತ್ತಿದಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮರಳಿದವಳನ್ನು ಕೇಳಿದೆ, "ನೋವಾಯ್ತಾ?"

"ಇರುವೆ ಕಚ್ದಂಗೆ, ಅಷ್ಟೆಯಾ."

ಕಚ್ಚಿ ಕಚ್ಚಿ ಅವಳ ಕೆಳತುಟಿಯಲ್ಲಿ ರಕ್ತ ಕಪ್ಪಗೆ ಹೆಪ್ಪುಗಟ್ಟಿತ್ತು. ಅದೊಂದು ಸಾಕ್ಷಿಯಿಂದ ಯಾವ ಸಭೆಯಲ್ಲಾದರೂ ಅವಳನ್ನು ಸೋಲಿಸಬಹುದಿತ್ತು. ಆದರೆ ಅವಳ ಕಣ್ಣು ಮಾಯ್ದ ಮೇಲೆ ಆಸ್ಪತ್ರೆಗೆ ಹೋಗಿ ನಾನೂ ಕತ್ತಿಗೆ ಮಲಗಿದೆ.

ಹೊರಗೆ ಬಂದಾಗ ಬಾಗಿಲಲ್ಲೇ ನಿಂತಿದ್ದಳು. "ಹೆಂಗಿತ್ಲಾ?"

"ಇರುವೆ ಕಚ್ಚಿದಂಗೆ."

ಅತ್ತೆ ನನ್ನ ತುಟಿ ನೋಡಿದಳು. ಸೆರಗಿನ ತುದಿ ಒದ್ದೆ ಮಾಡಿ ರಕ್ತ ಒರೆಸಿದಳು.

ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಾಗ ರೆಪ್ಪೆ ಮುಚ್ಚಿದವನು ನಾನೇ. ಬೆರಳಿಗೆ ಸಣ್ಣ ಸಣ್ಣ ಕೂದಲು ತಾಕಿದವು. ಎಲ್ಲವೂ ಹೊರಕ್ಕೆ ಬೆಳೆದಿದ್ದವು.